ಎತ್ತುವವರು, ಹಿಡಿಯುವವರು

ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಒಟ್ಟು ಎಂಟು ಹಾಡು. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಒಂದೇ ಸಿ.ಡಿ.ಯಲ್ಲಿ. ಕನ್ನಡದ ಎರಡೂ ಹಾಡು ಶಿಶುನಾಳ ಶರೀಫರವು: ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಆಗ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿ ನನ್ನ ಕ್ಯಾಸೆಟ್ ಅಂಗಡಿ ಇತ್ತು. ಈ ಸಿ.ಡಿ. ಬಂದಾಗ ಎಲ್ಲರೂ ಹೊಸದು, ಹೊಸದು ಎಂದರು. ಗಿಟಾರ್, ಬೇಸ್, ಡ್ರಮ್ಸ್ ಜೊತೆ ಶರೀಫಜ್ಜನನ್ನು ಕೇಳಿದ್ದು ನಮಗೂ ಹೊಸದೇ. ಆದರೆ ಶರೀಫರ ಪದ ಹೊಸ ವಾದ್ಯಕ್ಕೆ ಒಗ್ಗಿಕೊಂಡದ್ದು ಅದೇ ಮೊದಲಲ್ಲ ಎಂಬುದು ಈ ಮಾಲು ಮಾರಿದವರಿಗೆ ಚೆನ್ನಾಗಿ ಗೊತ್ತು.

ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ನಮಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಮುಸಲ್ಮಾನರ ಮನೆಯ ಹುಡುಗ ಕಳಸದ ಗೋವಿಂದ ಭಟ್ಟರ ಶಿಷ್ಯನಾದ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಅವರು ಪದ ಕಟ್ಟಿದರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಕೋಳಿ, ಕೋಡಗ ಯಾವುದೂ ಬಿಡಲಿಲ್ಲ. ಮೇಲೆ ಕೇಳಿದರೆ ಮನೆಗೆಲಸದ ಮಾತು, ಒಳಗೆ ದೇಹದ, ಅಜ್ಞಾನದ ವಿಚಾರ. ಆ ಪದಗಳು ಅವರ ಹಿಂದೆ ಉಳಿದದ್ದು ಭಜನಿ ಮೇಳಗಳ ಬಾಯಲ್ಲಿ. ಏಕತಾರಿ, ತಾಳ, ದಮ್ಮಡಿ ಇದ್ದಲ್ಲಿಗೆ ಮುಂದೆ ಹಾರ್ಮೋನಿಯಂ ಬಂದು ಕೂತಿತು. ಹಾರ್ಮೋನಿಯಮ್ಮೂ ಪರದೇಶದ ಪೆಟ್ಟಿಗೆಯೇ. ಅದನ್ನು ಕಂಡು ಪದ ಕೆಟ್ಟಿತೆಂದು ನಮ್ಮ ಕಡೆ ಯಾರೂ ಮೇಳ ಬಿಟ್ಟು ಎದ್ದು ಹೋಗಲಿಲ್ಲ.

ನಂತರ ಕ್ಯಾಸೆಟ್ಟಿನ ಕಾಲ. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳಿಗೆ ಧ್ವನಿಸುರುಳಿಯ ದಾರಿ ತೆರೆಯಿತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಸಿನಿಮಾ ಹಾಡಲ್ಲದ ಕನ್ನಡ ಹಾಡನ್ನೂ ಜನ ದುಡ್ಡು ಕೊಟ್ಟು ಒಯ್ಯುತ್ತಾರೆ ಎಂದು ಅಂಗಡಿಯವರಿಗೆ ಮನವರಿಕೆಯಾಯಿತು. ಅದೇ ದಾರಿಯಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಆರಿಸಿಕೊಟ್ಟರು, ಸಿ. ಅಶ್ವಥ್ ರಾಗ ಹಾಕಿ ಹಾಡಿದರು. ಕೀಬೋರ್ಡು, ಪಿಟೀಲು, ತಬಲಾ ಎಲ್ಲ ಸೇರಿದ ದೊಡ್ಡ ಮೇಳ ಅದು. ಹೊಳೆನರಸೀಪುರದ ಅಶ್ವಥ್ ಬೆಂಗಳೂರಿನಲ್ಲಿ ಹಾಡಿದ್ದನ್ನು ಧಾರವಾಡ ಜಿಲ್ಲೆಯವರು ಕೊಂಡು ಕೇಳಿದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲಂತೂ ಶರೀಫರೆಂದರೆ ತೆರೆಯ ಮೇಲಿನ ಶ್ರೀಧರ್ ಮುಖ, ಅಶ್ವಥ್ ದನಿ ಎನ್ನುವಂತಾಯಿತು. ಶ್ರಾವಣ ಬಂತೆಂದರೆ ನನ್ನ ಅಂಗಡಿಯಲ್ಲಿ ಆ ಕ್ಯಾಸೆಟ್ ನಿಲ್ಲುತ್ತಿರಲಿಲ್ಲ.

ಬೆಂಗಳೂರಿನ ಹುಡುಗರ ಕಿವಿ ಆ ಹೊತ್ತಿಗೆ ಬೇರೆ ಕಡೆ ಇತ್ತು. ಅರಮನೆ ಮೈದಾನಕ್ಕೆ 2001ರಲ್ಲಿ ಡೀಪ್ ಪರ್ಪಲ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಬಂದು ಹೋದರು. ಊರಿನ ರಾಕ್ ತಂಡಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹಾಡುತ್ತಿದ್ದವು. 2005ರಲ್ಲಿ ಅದೇ ಅರಮನೆ ಮೈದಾನದಲ್ಲಿ ಅಶ್ವಥ್ ‘ಕನ್ನಡವೇ ಸತ್ಯ’ ನಡೆಸಿದರು, ಜನ ಮೈದಾನ ತುಂಬಿದರು. ಮೈದಾನ ಒಂದೇ, ಕೇಳುಗರು ಬೇರೆ ಬೇರೆ. ಎರಡೂ ಕಡೆಯ ರುಚಿ ಇದ್ದ ಹುಡುಗನೊಬ್ಬ ಬೇಕಿತ್ತು.

ಮೈಸೂರಿನಲ್ಲಿ ಬೆಳೆದ ರಘು ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ, ಅದು ಒಡೆದ ಮೇಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಶುರು ಮಾಡಿದರು. ಕ್ಯಾಸೆಟ್ ಕಂಪನಿಗಳು ಅವರ ಹಾಡನ್ನು ಬೇಡವೆಂದದ್ದು ನನಗೇನೂ ಆಶ್ಚರ್ಯವಲ್ಲ. ಮೂರು ಭಾಷೆಯ, ಸಿನಿಮಾದ್ದಲ್ಲದ ಸಿ.ಡಿ.ಯನ್ನು ಯಾವ ಗೂಡಿನಲ್ಲಿ ಇಡಬೇಕೆಂದು ನನಗೇ ತಿಳಿಯದೆ ಗಲ್ಲಾದ ಮೇಲೆ ಇಟ್ಟಿದ್ದೆ. ಕೊನೆಗೆ ಅದನ್ನು ಹೊರತಂದದ್ದು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್, ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ. ಸಿನಿಮಾದ ಹಂಗಿಲ್ಲದ ಸಂಗೀತವನ್ನು ಸಿನಿಮಾದವರೇ ಕೈಹಿಡಿದರು.

ಶರೀಫರನ್ನು ಆರಿಸಿಕೊಳ್ಳುವುದರಲ್ಲಿ ಇನ್ನೊಂದು ಅನುಕೂಲವಿದೆ. ಈಗಿನ ಕವಿಗಳ ಹಾಡಾದರೆ ಒಪ್ಪಿಗೆ, ಗೌರವಧನ ಎಲ್ಲ ಬೇಕು. ಶರೀಫರ ಪದ ಯಾರಪ್ಪನ ಆಸ್ತಿಯೂ ಅಲ್ಲ. ಹಾಡಿದವರು ಯಾರೇ ಇರಲಿ, ಕೊನೆಗೆ ‘ಶಿಶುನಾಳಧೀಶ’ ಎಂಬ ಅಂಕಿತ ಹೇಳಿ ಮುಗಿಸಬೇಕು, ಅಷ್ಟೇ ಬಾಡಿಗೆ.

ಕುಂದಗೋಳದ ಕಡೆಯ ಭಜನಿ ಮೇಳದ ಹಿರಿಯರೊಬ್ಬರು ನನ್ನ ಕಾಯಂ ಗಿರಾಕಿ, ಹಾರ್ಮೋನಿಯಂ ಬಾರಿಸುವವರು. ಅವರಿಗೆ ‘ಗುಡುಗುಡಿ’ ಹಚ್ಚಿ ಕೇಳಿಸಿದೆ. ಕಣ್ಣು ಮುಚ್ಚಿ, ಬೆರಳಿನಿಂದ ಗಲ್ಲಾದ ಗಾಜಿನ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದರು. ಗಿಟಾರ್ ಬಗ್ಗೆ ಬೈಯುತ್ತಾರೆಂದು ಕಾದಿದ್ದೆ.

“ತಾಳ ಗಟ್ಟಿ ಐತಿ ಬಿಡ್ರಿ. ಪಿಟೀಲ್ ಹುಡುಗನೂ ಶ್ಯಾಣ್ಯಾ ಅದಾನ,” ಎಂದರು. “ಆದರ ಪದಾ ಅಂದಮ್ಯಾಲೆ ಒಬ್ಬರು ಎತ್ತಬೇಕು, ಉಳಿದವರು ಹಿಡೀಬೇಕು. ಇಲ್ಲಿ ಹಿಡಿಯೋರ ದನಿ ಸಣ್ಣದಾಗೇತಿ.”

ಭಜನಿಯಲ್ಲಿ ಒಬ್ಬ ಸಾಲನ್ನು ಎತ್ತುತ್ತಾನೆ, ಸುತ್ತ ಕೂತವರು ಅದನ್ನು ಹಿಡಿದು ತಿರುಗಿಸಿ ಹೇಳುತ್ತಾರೆ. ಹಿಡಿಯುವವರಿಗೆ ಸುಸ್ವರ ಬೇಕಿಲ್ಲ, ಊರಿನವರಾಗಿದ್ದರೆ ಸಾಕು. ಕ್ಯಾಸೆಟ್ ಬಂದಾಗಲೇ ಅವರು ಹೊರಗುಳಿದಿದ್ದರು. ನಾವು ಅಂಗಡಿಯವರು ಮಾರಿದ್ದು ಎತ್ತುವವರ ದನಿಯನ್ನು ಮಾತ್ರ. ಹಿರಿಯರ ದೂರು ರಘು ಮೇಲಿನದಲ್ಲ, ನನ್ನ ಇಡೀ ವ್ಯಾಪಾರದ ಮೇಲಿನದು.

ರಘು ಅವರ ಕಾರ್ಯಕ್ರಮ ನೋಡಿದ ಮೇಲೆ ಈ ಮಾತು ಇನ್ನೂ ಸ್ಪಷ್ಟವಾಯಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿ ಅವರು ಒಂದು ಸಾಲು ಎತ್ತಿ ಮೈಕನ್ನು ಜನರ ಕಡೆ ತಿರುಗಿಸಿದರೆ ಜನ ಹಿಡಿಯುತ್ತಾರೆ. ಸಿ.ಡಿ.ಯಲ್ಲಿ ಸಣ್ಣದಾಗಿದ್ದ ದನಿ ವೇದಿಕೆಯ ಮುಂದೆ ದೊಡ್ಡದಾಗಿತ್ತು. ಅಂಗಡಿಗಳು ಮುಚ್ಚುತ್ತಿದ್ದ ಕಾಲದಲ್ಲಿ ಆ ಆಲ್ಬಮ್ ಬದುಕಿದ್ದು ಊರೂರು ತಿರುಗಿ ಹಾಡಿದ್ದರಿಂದ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಹಬ್ಬ. 2009ರಲ್ಲಿ ಅವರ ತಮ್ಮ ವಾಸು ದೀಕ್ಷಿತ್ ಇದ್ದ ‘ಸ್ವರಾತ್ಮ’ ತಂಡದ ಮೊದಲ ಆಲ್ಬಮ್ಮೂ ಬಂತು. ಗಿಟಾರ್ ಹಿಡಿದು ಕನ್ನಡ ಹಾಡಲು ಹುಡುಗರಿಗೆ ಸಂಕೋಚ ಬಿಟ್ಟಿತು.

ನನ್ನಲ್ಲಿ ರಘು ಸಿ.ಡಿ. ಒಯ್ದವರು ಬಹುತೇಕ ಬಿವಿಬಿ ಕಾಲೇಜಿನ ಹುಡುಗರು. ಒಯ್ದವರಲ್ಲಿ ಕೆಲವರು ತಿರುಗಿ ಬಂದು, “ಅಂಕಲ್, ಇದs ಪದಾ ಅಶ್ವಥ್ ಹಾಡಿದ್ದು ಐತೇನ್ರಿ?” ಎಂದು ಕೇಳತೊಡಗಿದರು. ಒಬ್ಬನಂತೂ ಭಜನಿ ಮೇಳದ್ದೇ ಬೇಕೆಂದು ಹಟ ಹಿಡಿದ. ಅದು ನನ್ನಲ್ಲಿ ಇರಲಿಲ್ಲ. ಕುಂದಗೋಳದ ಹಿರಿಯರು ಎಂದು ಹಾಡಲು ಕೂರುತ್ತಾರೆಂದು ಕೇಳಿ, ಅವನನ್ನು ಅಲ್ಲಿಗೇ ಕಳಿಸಿದೆ. ಹಿಡಿಯಲು ಒಬ್ಬ ಹೆಚ್ಚಾದರೆ ಮೇಳಕ್ಕೆ ಲಾಭವೇ.