ಅಪ್ಪನ ಡೈರಿಯ ಆರು

ಹುಬ್ಬಳ್ಳಿಯಿಂದ ತಂದ ನಮ್ಮ ಹಳೆಯ ಮಾರುತಿ 800 ಕಾರಿನ ಬ್ರೇಕ್ ನೋಡಿಸಲು ಇಲ್ಲಿ ಸ್ಯಾಟಲೈಟ್‌ನ ಒಂದು ಗ್ಯಾರೇಜಿಗೆ ಹೋಗಿದ್ದೆ. ಚಕ್ರ ಮರಳಿ ಕೂರಿಸುವಾಗ ಮೆಕ್ಯಾನಿಕ್ ಟಾರ್ಕ್ ರೆಂಚ್ ಹಿಡಿದು 'ಕಿತ್ನಾ?' ಎಂದ. ನನ್ನ ಬಳಿ ಅಪ್ಪನ ಡೈರಿಯಿತ್ತು. ವರ್ಷಾನುಗಟ್ಟಲೆ ಗ್ಯಾರೇಜು ನಡೆಸಿದ ಅಪ್ಪ ಅದರಲ್ಲಿ 'ವೀಲ್ ನಟ್ – 6' ಎಂದಷ್ಟೇ ಬರೆದಿದ್ದರು.

ಅವನ ರೆಂಚಿನ ಮೇಲಿದ್ದದ್ದು ನ್ಯೂಟನ್-ಮೀಟರ್. ಆ ಲೆಕ್ಕದಲ್ಲಿ ಆರಕ್ಕೆ ಬಿಗಿದರೆ ನಟ್ಟು ಬರಿಗೈಯಲ್ಲಿ ತಿರುಗಿಸಿದಂತೆಯೇ ಇರುತ್ತದೆ. ದಾರಿಯಲ್ಲಿ ಚಕ್ರ ಕಳಚೀತು. ಅಪ್ಪನಿಗೆ ಫೋನ್ ಮಾಡಿದೆ. 'ಕೇಜಿ ಮೀಟರಪಾ, ಬ್ಯಾರೆ ಏನಿರ್ತದ?' ಎಂದು ನಕ್ಕರು.

ಒಂದು ಮೀಟರ್ ಉದ್ದದ ಸ್ಪ್ಯಾನರನ್ನು ಅಡ್ಡಲಾಗಿ ಹಿಡಿದು, ಅದರ ತುದಿಗೆ ಒಂದು ಕಿಲೋ ಬೆಲ್ಲದ ಚೀಲ ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಚು ಒಂದು ಕೆಜಿಎಂ. ಆದರೆ ಕಿಲೋ ಎಂಬುದು ದ್ರವ್ಯರಾಶಿಯ ಅಳತೆ, ಬಲದ್ದಲ್ಲ. ಆ ಚೀಲವನ್ನು ಭೂಮಿ ಎಳೆಯುವ ಬಲವನ್ನು ಲೆಕ್ಕಕ್ಕೆ ತರಲು 1901ರಲ್ಲಿ ಗುರುತ್ವಕ್ಕೆ 9.80665 ಎಂಬ ಅಂಕಿ ಗೊತ್ತುಮಾಡಿದರು. ಬಲದ ಮಾನಕ್ಕೆ ನ್ಯೂಟನ್ ಎಂಬ ಹೆಸರು ಅಧಿಕೃತವಾದದ್ದು 1948ರಲ್ಲಿ. ಎಸ್‌ಐ ಪದ್ಧತಿ ಬಂದದ್ದು 1960ರಲ್ಲಿ. ಹಾಗಾಗಿ ಕೆಜಿಎಂ ಅನ್ನು 9.80665ರಿಂದ ಗುಣಿಸಿದರೆ ನ್ಯೂಟನ್-ಮೀಟರ್. ಅಪ್ಪನ ಆರು ಎಂದರೆ ಸುಮಾರು 59.

ಡೈರಿಯ ಹಿಂದಿನ ಪುಟಗಳು ಅಂಬಾಸಿಡರ್‌ನವು. ಅಲ್ಲಿ ನಲವತ್ತು, ಐವತ್ತರ ಸಂಖ್ಯೆಗಳು. ಅವು ಪೌಂಡ್-ಅಡಿ. ಆಗ ನನಗೆ ಹೊಳೆಯಿತು: ಅಪ್ಪ ಬರೆದದ್ದು ನಟ್ಟಿನ ಲೆಕ್ಕವಷ್ಟೇ ಅಲ್ಲ, ಯಾವ ದೇಶದ ಯಂತ್ರ ನಮ್ಮಲ್ಲಿಗೆ ಯಾವಾಗ ಬಂತು ಎಂಬ ಚರಿತ್ರೆಯೂ ಹೌದು.

ಅಂಬಾಸಿಡರ್ ತಯಾರಿಸಿದ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಶುರುವಾದದ್ದು ಇದೇ ಗುಜರಾತಿನ ಓಖಾ ಬಂದರಿನಲ್ಲಿ. ಆಮೇಲೆ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಭಾರತ 1956ರಲ್ಲಿ ಮೆಟ್ರಿಕ್ ಕಾನೂನು ಮಾಡಿತು, 1958ರ ಅಕ್ಟೋಬರಿನಿಂದ ಸೇರು ಹೋಗಿ ಕಿಲೋ ಬರತೊಡಗಿತು. ಆದರೂ ಅಂಬಾಸಿಡರ್‌ಗೆ ಇಂಚಿನ ಸ್ಪ್ಯಾನರೇ ಬೇಕಿತ್ತು. ಅತ್ತ ಮೈಸೂರಿನಲ್ಲಿ ಅರವತ್ತರ ದಶಕದ ಆರಂಭದಿಂದ ತಯಾರಾದ ಜಾವಾ ಬೈಕು ಚೆಕೊಸ್ಲೊವಾಕಿಯಾದ್ದು, ಅದರ ನಟ್ಟು ಬೋಲ್ಟು ಮಿಲಿಮೀಟರಿನವು. 1983ರ ಡಿಸೆಂಬರಿನಲ್ಲಿ ಮಾರುತಿ ಜಪಾನಿನ ಸುಝುಕಿಯ ಜೊತೆ ಬಂತು, ಕೆಜಿಎಂ ನಮ್ಮ ಗ್ಯಾರೇಜುಗಳ ಮಾತಾಯಿತು. ಮುಂದೆ ಜಪಾನೇ ಕಾನೂನು ಮಾಡಿ ಅದನ್ನು ಕೈಬಿಟ್ಟಿತು. ಕೊನೆಯ ಗಡುವು 1999ರ ಸೆಪ್ಟೆಂಬರ್ 30.

ಅದೇ ತಿಂಗಳ 23ರಂದು ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ನಾಶವಾಯಿತು. ಒಂದು ತಂತ್ರಾಂಶ ಪೌಂಡಿನಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ನ್ಯೂಟನ್ ಎಂದು ಓದಿತ್ತು. ಇಸ್ರೋ ಕೇಂದ್ರದ ಪಕ್ಕದ, ಸ್ಯಾಟಲೈಟ್ ಎಂಬ ಹೆಸರಿನ ಬಡಾವಣೆಯಲ್ಲಿ ಕೂತು ಚಕ್ರದ ನಟ್ಟು ಬಿಗಿಸುವಾಗ ಅದು ನೆನಪಾಗದೆ ಇರಲಿಲ್ಲ.

ನಿಜಕ್ಕೂ ಹತ್ತು ಪಟ್ಟಿನ ತಪ್ಪು ಅಷ್ಟು ಅಪಾಯವಲ್ಲ, ಕೈಗೇ ಗೊತ್ತಾಗುತ್ತದೆ. ಹೆದರಬೇಕಾದದ್ದು ಪೌಂಡ್-ಅಡಿ ಮತ್ತು ನ್ಯೂಟನ್-ಮೀಟರ್ ನಡುವಿನ ತಪ್ಪಿಗೆ. ಒಂದು ಪೌಂಡ್-ಅಡಿ ಎಂದರೆ 1.356 ನ್ಯೂಟನ್-ಮೀಟರ್. ಅರವತ್ತು ನ್ಯೂಟನ್-ಮೀಟರ್ ಬೇಕಾದಲ್ಲಿ ಅರವತ್ತು ಪೌಂಡ್-ಅಡಿ ಹಾಕಿದರೆ ಬಿಗಿ ಶೇ 36ರಷ್ಟು ಹೆಚ್ಚು. ಕೈಗೆ ಸಂಶಯ ಬರುವುದಿಲ್ಲ, ಬೋಲ್ಟು ಮಾತ್ರ ಒಳಗೊಳಗೇ ಹಿಗ್ಗುತ್ತದೆ. ಅಲ್ಯೂಮಿನಿಯಂ ಇದ್ದಲ್ಲಿ ಮರೆಯೇ ಹೋಗುತ್ತದೆ.

ಮೆಕ್ಯಾನಿಕ್ ರೆಂಚನ್ನು 59ಕ್ಕೆ ತಿರುಗಿಸಿದ. ನಾಲ್ಕೂ ನಟ್ಟು ಕಟಕ್ ಎಂದವು. ಅವನ ಪೆನ್ನು ಇಸಿದುಕೊಂಡು, ಅಪ್ಪನ ಆರರ ಮುಂದೆ 'ಕೆಜಿಎಂ' ಎಂದು ಬರೆದೆ.