ಗೆದ್ದ ಸರ್ಕಾರ ಮುಚ್ಚಿದ ಬಾಗಿಲು

ನಾನು ಮುಂಡಗೋಡ ತಾಲೂಕಿನ ಮಳಗಿಯವನು. ನಮ್ಮ ಕಡೆ ಕಂದಾಯದ ತಕರಾರು ಎಂದರೆ ಜನ ಮೊದಲು ಹೋಗುವುದು ತಹಶೀಲ್ದಾರ್ ಕಚೇರಿಗೆ, ಕೋರ್ಟಿಗಲ್ಲ. ಅದು ಬರೀ ರೂಢಿಯಲ್ಲ, ಅದರ ಹಿಂದೆ ನಮ್ಮದೇ ಜಿಲ್ಲೆಯ ಒಂದು ದಾವೆ ಇದೆ ಎಂಬುದು ತಿಳಿದದ್ದು ಸಂಶೋಧನೆಗೆ ಇಳಿದ ಮೇಲೆ.

1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯ ಸರ್ವೆ ಬಂತು, ಕಂದಾಯ ಏರಿತು. ಮೂಲವರ್ಗದ ಹಿಡುವಳಿದಾರರು ಒಪ್ಪಲಿಲ್ಲ. ಭೂಮಿ ವಂಶಪಾರಂಪರ್ಯವಾಗಿ ನಮ್ಮದು, ಸರ್ಕಾರಕ್ಕೆ ಸಲ್ಲುವುದು ಹಿಂದೆ ಗೊತ್ತುಮಾಡಿದ ಕಂದಾಯ ಮಾತ್ರ ಎಂಬುದು ಅವರ ವಾದ. ವೈಕುಂಠ ಬಾಪೂಜಿ ಮುಂಬಯಿ ಸರ್ಕಾರದ ಮೇಲೆ ಹೂಡಿದ ಈ ದಾವೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮೈಕೇಲ್ ವೆಸ್ಟ್ರಾಪ್ ಅವರ ಮುಂದೆ ಬಂತು. ಕೋರ್ಟು ಕೆನರಾದ ಭೂಹಿಡುವಳಿಯ ಇತಿಹಾಸವನ್ನೆಲ್ಲ ಕೆದಕಿ ನೋಡಿತು. 1875ರ ತೀರ್ಪು ಮೂಲವರ್ಗದವರಿಗೆ ಭೂಮಿಯ ಮೇಲಿರುವ ಹಕ್ಕನ್ನು ಮನ್ನಿಸಿತು; ಆದರೆ ಕಂದಾಯ ಏರಿಸದಂತೆ ಸರ್ಕಾರದ ಕೈ ಕಟ್ಟಲಿಲ್ಲ.

ಅಂದರೆ ಸರ್ಕಾರವೇ ಗೆದ್ದಿತ್ತು. ಆದರೂ ಮರುವರ್ಷ, 1876ರಲ್ಲಿ, ಮುಂಬಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯ್ದೆ ಬಂತು. ಕಂದಾಯ ಎಷ್ಟು, ಯಾಕೆ ಎಂದು ಕೇಳುವ ದಾವೆಗಳನ್ನು ಇನ್ನು ಮುಂದೆ ಸಿವಿಲ್ ಕೋರ್ಟುಗಳು ಕೈಗೆತ್ತಿಕೊಳ್ಳುವಂತಿರಲಿಲ್ಲ.

ಇದಕ್ಕೆ ಹೋಲುವ ಕಥೆ ಅಮೆರಿಕದಲ್ಲಿದೆ. ಯುದ್ಧಕಾಲದಲ್ಲಿ ಪೂರೈಸಿದ ಸರಕಿನ ಬಾಕಿಗಾಗಿ, ತೀರಿಹೋದ ವ್ಯಾಪಾರಿಯೊಬ್ಬನ ಪರವಾಗಿ ದಕ್ಷಿಣ ಕೆರೊಲಿನಾದ ಚಿಸಮ್ ಎಂಬಾತ ಜಾರ್ಜಿಯಾ ರಾಜ್ಯದ ಮೇಲೆ ದಾವೆ ಹೂಡಿದ. 1793ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ರಾಜ್ಯಗಳು ಬೆಚ್ಚಿದವು. 1795ರಲ್ಲಿ ಸಂವಿಧಾನಕ್ಕೇ ತಿದ್ದುಪಡಿಯಾಗಿ, ಬೇರೆ ರಾಜ್ಯದ ಪ್ರಜೆ ಹೂಡುವ ಅಂಥ ದಾವೆಗಳಿಗೆ ತಡೆ ಬಿತ್ತು.

ಅಲ್ಲಿ ಸೋತವರು ಬಾಗಿಲು ಮುಚ್ಚಿದರು, ಇಲ್ಲಿ ಗೆದ್ದವರು. ಕೆನರಾದ ಮಟ್ಟಿಗೆ ಸರ್ಕಾರವನ್ನು ಕಾಡಿದ್ದು ಸೋಲಿನ ಭಯವಲ್ಲ, ಒಬ್ಬ ಹಿಡುವಳಿದಾರ ಕರೆದಾಗ ಕಟಕಟೆಗೆ ಬಂದು ಲೆಕ್ಕ ಒಪ್ಪಿಸಬೇಕಾದ ಸ್ಥಿತಿ ಎಂದು ನನಗನಿಸುತ್ತದೆ.

ಆ ಕಾಯ್ದೆಯ ನೆರಳು ಇನ್ನೂ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 61ನೇ ಕಲಮು ಇಂಥ ತಕರಾರುಗಳನ್ನು ಇಂದಿಗೂ ಸಿವಿಲ್ ಕೋರ್ಟಿನಿಂದ ಹೊರಗಿಡುತ್ತದೆ. ಕಂದಾಯ ವಿಧಿಸುವ ಇಲಾಖೆಯ ಮುಂದೆಯೇ ರೈತ ಮೇಲ್ಮನವಿ ಹಾಕಿಕೊಳ್ಳಬೇಕು. ಸಂವಿಧಾನದ 226ನೇ ವಿಧಿ ಹೈಕೋರ್ಟಿನ ಬಾಗಿಲನ್ನು ತೆರೆದಿಟ್ಟಿದೆ, ನಿಜ. ಆದರೆ ಮಳಗಿಯ ರೈತ ಅದಕ್ಕಾಗಿ ಧಾರವಾಡದ ಪೀಠದವರೆಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು. ಸೋತ ಆ ಹಳೆಯ ದಾವೆಯನ್ನು ಓದುವಾಗ ನನಗೆ ತೀರ್ಪಿಗಿಂತ ದೊಡ್ಡದಾಗಿ ಕಾಣುವುದು, ಅಂದು ಸರ್ಕಾರ ಉತ್ತರ ಕೊಡಬೇಕಾಗಿ ಬಂದಿತ್ತು ಎಂಬುದು.