ಎಚ್.ಎಂ.ಟಿ. ಯಾಂತ್ರಿಕ ಕೈಗಡಿಯಾರಗಳ ಸಂಗ್ರಹ

ಎಚ್.ಎಂ.ಟಿ. ಯಾಂತ್ರಿಕ ಕೈಗಡಿಯಾರಗಳ ಸಂಗ್ರಹವು ಸಾರ್ವಜನಿಕ ವಲಯದ ಹಿಂದೂಸ್ತಾನ್ ಮಷೀನ್ ಟೂಲ್ಸ್ ಉದ್ದಿಮೆ ತಯಾರಿಸಿದ, ಕೀ ಕೊಟ್ಟು ನಡೆಸುವ ಹಳೆಯ ಗಡಿಯಾರಗಳನ್ನು ಕೂಡಿಡುವ ಹವ್ಯಾಸ. ಹಳೆಯ ವಿದೇಶಿ ಗಡಿಯಾರಗಳಿಗೆ ಹೋಲಿಸಿದರೆ ಇವು ಅಗ್ಗ.

ಹಿನ್ನೆಲೆ

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ತಯಾರಿಕೆ ನಡೆಯಿತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಹೆಸರಾದ ಮಾದರಿಗಳು. ಅಂಧರಿಗಾಗಿ ಬ್ರೈಲ್ ಗಡಿಯಾರವೂ ತಯಾರಾಯಿತು. ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿಯಲ್ಲಿ ಹಿಂದುಳಿದ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು.

ರಚನೆ

ಜನತಾ ಮಾದರಿಯ ಯಂತ್ರದಲ್ಲಿ 17 ಕಲ್ಲುಗಳಿವೆ. ಅದು ಗಂಟೆಗೆ 18,000 ಬಾರಿ ಬಡಿಯುತ್ತದೆ. ದಿನಕ್ಕೊಮ್ಮೆ ಕೀ ಕೊಡುವುದು ರೂಢಿ.

ಅಸಲಿತನ

ಹಳೆಯ ಮಾದರಿಗಳ ಬಿಡಿಭಾಗಗಳು ವಿರಳವಾಗಿರುವುದರಿಂದ ಒಂದು ಗಡಿಯಾರದ ದುರಸ್ತಿಗೆ ಮತ್ತೊಂದನ್ನು ಬಿಚ್ಚಬೇಕಾಗುತ್ತದೆ. ಹೀಗೆ ಬಳಕೆಗೆ ಮರಳಿದ ಗಡಿಯಾರ ಚೆನ್ನಾಗಿ ನಡೆದರೂ ಅದರ ಮೂಲ ರೂಪ ಕಲಸಿಹೋಗಿರಬಹುದು. ಮಾರುಕಟ್ಟೆಯಲ್ಲಿ ಬಣ್ಣ ಬಳಿದು ಮರುಮುದ್ರಿಸಿದ ಡಯಲ್‌ಗಳೂ ಉಂಟು. ದಪ್ಪನಾದ ಅಕ್ಷರ, ಓರೆಯಾದ ನಿಮಿಷದ ಗೆರೆ, ಹಳೆಯ ಕವಚಕ್ಕೆ ಹೊಂದದ ಹೊಸ ಹೊಳಪು ಇವುಗಳ ಗುರುತುಗಳು. ಆದ್ದರಿಂದ ಅನುಭವಿ ಸಂಗ್ರಾಹಕರು ಮಿರುಗುವ ಮರುಮುದ್ರಿತ ಡಯಲ್‌ಗಿಂತ ಮಾಸಿದ ಅಸಲಿ ಡಯಲ್‌ಗೇ ಹೆಚ್ಚು ಬೆಲೆ ಕೊಡುತ್ತಾರೆ.